ಒಂದೇ ವೂಫರ್, ಎರಡು ಪೆಟ್ಟಿಗೆ: ಮೈಸೂರಿನ ಒಂದು ಸ್ಪೀಕರ್ ಕಾರ್ಯಾಗಾರದ ವಿಮರ್ಶೆ

ಮೈಸೂರಿನ ಹೆಬ್ಬಾಳು ಕೈಗಾರಿಕಾ ಪ್ರದೇಶದ ಒಂದು ಅಡ್ಡರಸ್ತೆಯಲ್ಲಿ, ನಾಮಫಲಕವೂ ಇಲ್ಲದ ಶೆಡ್ಡಿನಲ್ಲಿ, ಕೇಳಿದ ಅಳತೆಗೆ ಸ್ಪೀಕರ್ ಪೆಟ್ಟಿಗೆಗಳನ್ನು ಮಾಡಿಕೊಡುವ ಕಾರ್ಯಾಗಾರವಿದೆ. ಬಾಯಿಮಾತಿನಿಂದ ಬರುವ ಗಿರಾಕಿಗಳೇ ಸಾಕು, ಹೆಸರು ಹಾಕಬೇಡಿ ಎಂದು ಮಾಲೀಕರು ಕೇಳಿಕೊಂಡಿರುವುದರಿಂದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಆದರೆ ಅವರು ಮಾಡುವ ಎರಡು ಮಾದರಿಗಳ ಬಗ್ಗೆ ವಿವರವಾಗಿ ಬರೆಯಬೇಕೆನಿಸಲು ಕಾರಣವಿದೆ. ಎರಡರಲ್ಲಿಯೂ ತಗ್ಗುಸ್ವರಗಳಿಗೆ ಆರೂವರೆ ಇಂಚಿನ ಅದೇ ವೂಫರ್, ಮೇಲುಸ್ವರಗಳಿಗೆ ಒಂದು ಇಂಚಿನ ಅದೇ ಸಿಲ್ಕ್ ಡೋಮ್ ಟ್ವೀಟರ್, ಸ್ವರಗಳನ್ನು ಆ ಎರಡಕ್ಕೂ ಹಂಚುವ ಅದೇ ಕ್ರಾಸ್‌ಓವರ್, ಅದೇ 18 ಮಿಲಿಮೀಟರ್ ಪ್ಲೈವುಡ್ಡು. ವ್ಯತ್ಯಾಸವಿರುವುದು ಪೆಟ್ಟಿಗೆಯಲ್ಲಿ ಮಾತ್ರ: ಒಂದು ಎಲ್ಲ ಕಡೆಯಿಂದಲೂ ಗಾಳಿಯಾಡದಂತೆ ಮುಚ್ಚಿದ 12 ಲೀಟರಿನ ಸೀಲ್ಡ್ ಪೆಟ್ಟಿಗೆ, ಇನ್ನೊಂದು, ಐದು ಸೆಂಟಿಮೀಟರ್ ಅಗಲದ ಕೊಳವೆಯೊಂದನ್ನು ಒಳಕ್ಕೆ ಚಾಚಿಕೊಂಡಿರುವ 22 ಲೀಟರಿನ ಪೋರ್ಟೆಡ್ ಪೆಟ್ಟಿಗೆ.

ದೇವರಾಜ ಅರಸು ರಸ್ತೆಯ ಯಾವ ಅಂಗಡಿಗೆ ಹೋದರೂ ಈ ಬಗೆಯ ಹೋಲಿಕೆ ಸಿಗುವುದಿಲ್ಲ. ಅಲ್ಲಿ ಒಂದು ಕಂಪನಿಯ ಸೀಲ್ಡ್ ಸ್ಪೀಕರನ್ನು ಇನ್ನೊಂದು ಕಂಪನಿಯ ಪೋರ್ಟೆಡ್ ಸ್ಪೀಕರಿನ ಪಕ್ಕದಲ್ಲಿ ಇಟ್ಟು ಕೇಳಿಸುತ್ತಾರೆ. ವೂಫರ್ ಬೇರೆ, ಟ್ವೀಟರ್ ಬೇರೆ, ಬೆಲೆಯೂ ಬೇರೆಯಾಗಿರುವಾಗ ಕಿವಿಗೆ ಬಿದ್ದ ವ್ಯತ್ಯಾಸ ಪೆಟ್ಟಿಗೆಯದೋ ಮಿಕ್ಕವುಗಳದೋ ಎಂದು ಹೇಳಲು ಯಾರಿಂದಲೂ ಸಾಧ್ಯವಿಲ್ಲ. ಪೋರ್ಟ್ ಇದ್ದರೆ ಬಾಸ್ ಜಾಸ್ತಿ, ಸೀಲ್ಡ್ ಆದರೆ ಬಾಸ್ ಕ್ಲೀನ್ ಎಂಬ ಎರಡು ಮಾತುಗಳನ್ನು ಮಾರಾಟಗಾರರು ಮಂತ್ರದ ಹಾಗೆ ಹೇಳುತ್ತಾರೆ. ಎರಡರಲ್ಲಿಯೂ ಅರ್ಧ ಸತ್ಯವಿದೆ. ಉಳಿದರ್ಧ ಸ್ಪೀಕರ್ ಇಡುವ ಕೋಣೆಯಲ್ಲಿದೆ ಎಂಬುದು ಈ ಎರಡು ಜೋಡಿಗಳನ್ನೂ ಎರಡು ಬೇರೆಬೇರೆ ಮನೆಗಳಲ್ಲಿ ಕೇಳಿದ ಮೇಲೆ ನನಗೆ ಖಚಿತವಾಗಿದೆ.

ಮೊದಲು ಕಾರ್ಯಾಗಾರದಲ್ಲಿ ಕಂಡದ್ದನ್ನು ಹೇಳಬೇಕು. ಪೆಟ್ಟಿಗೆ ಅಂಟಿಸಿ ಒಣಗಿದ ಮೇಲೆ ಮಾಲೀಕರು ಅದಕ್ಕೊಂದು ತಾತ್ಕಾಲಿಕ ವೂಫರ್ ಕೂರಿಸಿ, 30 ಹರ್ಟ್ಸಿನ, ಅಂದರೆ ಸೆಕೆಂಡಿಗೆ 30 ಬಾರಿ ಕಂಪಿಸುವ ಸ್ವರವನ್ನು ಹಾಕಿ, ಹಚ್ಚಿದ ಊದುಬತ್ತಿಯೊಂದನ್ನು ಪ್ರತಿಯೊಂದು ಜೋಡಣೆಯ ಉದ್ದಕ್ಕೂ ನಿಧಾನವಾಗಿ ಸಾಗಿಸುತ್ತಾರೆ. ಅಂಟು ಸರಿಯಾಗಿ ಕೂತ ಕಡೆ ಹೊಗೆ ನೇರವಾಗಿ ಮೇಲೇರುತ್ತದೆ. ಸೂಜಿಮೊನೆಯಷ್ಟು ಸಂದು ಇದ್ದರೂ ಅಲ್ಲಿ ಹೊಗೆಯ ಎಳೆ ನಡುಗುತ್ತದೆ. ನಾನು ನೋಡುತ್ತಿದ್ದ ಪೆಟ್ಟಿಗೆಯಲ್ಲಿ ಹಿಂಬದಿಯಲ್ಲಿ ತಂತಿ ಸಿಕ್ಕಿಸುವ ಟರ್ಮಿನಲ್ ಬಟ್ಟಲಿನ ಬಳಿ ಹೊಗೆ ನಡುಗಿತು. ಕೂಡಲೇ ಸ್ಕ್ರೂ ಬಿಚ್ಚಿ ಗ್ಯಾಸ್ಕೆಟ್ ಬದಲಿಸಿದರು. ಊದುಬತ್ತಿಯ ಊರಿನಲ್ಲಿ ಇದಕ್ಕಿಂತ ಅಗ್ಗದ ಪರೀಕ್ಷಾ ಸಾಧನ ಇರಲಾರದು.

ಪೋರ್ಟೆಡ್ ಪೆಟ್ಟಿಗೆಯ ಪರೀಕ್ಷೆ ಇನ್ನೂ ಸ್ವಾರಸ್ಯಕರವಾಗಿತ್ತು. 60 ಹರ್ಟ್ಸಿನಲ್ಲಿ ವೂಫರಿನ ಕೋನ್, ಅಂದರೆ ಅದುರಿ ಸದ್ದು ಮಾಡುವ ಶಂಕು, ಕಣ್ಣಿಗೆ ಕಾಣುವಷ್ಟು ಅದುರುತ್ತಿತ್ತು. ಸ್ವರವನ್ನು ನಿಧಾನವಾಗಿ ಇಳಿಸುತ್ತ 38 ಹರ್ಟ್ಸಿಗೆ ತಂದಾಗ ಕೋನ್ ಬಹುತೇಕ ನಿಂತೇ ಹೋಯಿತು. ಆದರೆ ಕೊಳವೆಯ ಬಾಯಿಗೆ ಹಿಡಿದ ಊದುಬತ್ತಿಯ ಹೊಗೆ ಚದುರಿ ಚೆಲ್ಲಾಪಿಲ್ಲಿಯಾಯಿತು. ಶೆಡ್ಡಿನ ತಗಡು ಕಂಪಿಸುವಷ್ಟು ಸದ್ದು, ಸದ್ದಿನ ಮೂಲವಾಗಬೇಕಾದ ಕೋನ್ ಮಾತ್ರ ಸುಮ್ಮನಿದೆ. ಖಾಲಿ ಬಾಟಲಿಯ ಬಾಯಿಗೆ ಅಡ್ಡಲಾಗಿ ಊದಿದರೆ ಒಂದು ನಿರ್ದಿಷ್ಟ ಸ್ವರ ಹೊರಡುವಂತೆ, ಪೆಟ್ಟಿಗೆಯೊಳಗಿನ ಗಾಳಿ ಸ್ಪ್ರಿಂಗಿನಂತೆಯೂ ಕೊಳವೆಯೊಳಗಿನ ಗಾಳಿ ತೂಕದಂತೆಯೂ ವರ್ತಿಸಿ, ಆ ಒಂದು ಆವರ್ತನದಲ್ಲಿ ಕೊಳವೆಯೇ ಹಾಡುತ್ತದೆ. ಆವರ್ತನವನ್ನು ಇನ್ನೂ ಕೆಳಗೆ, 25 ಹರ್ಟ್ಸಿಗೆ ಇಳಿಸಿದಾಗ ಸದ್ದು ಸೊರಗಿತು, ಕೋನ್ ಮಾತ್ರ ಹಿಡಿತ ತಪ್ಪಿದಂತೆ ಹಿಂದಕ್ಕೂ ಮುಂದಕ್ಕೂ ಬಡಿದುಕೊಳ್ಳತೊಡಗಿತು. ಆ ಆವರ್ತನಕ್ಕೆ ಪೆಟ್ಟಿಗೆಯ ಗಾಳಿ ಕೊಳವೆಯ ಮೂಲಕ ಸರಾಗವಾಗಿ ಹೊರಗೆ ಹೋಗಿ ಒಳಗೆ ಬರುವುದರಿಂದ ಕೋನಿಗೆ ಹಿಂದಿನಿಂದ ಯಾವ ತಡೆಯೂ ಇರುವುದಿಲ್ಲ. ಪೋರ್ಟೆಡ್ ಪೆಟ್ಟಿಗೆಯ ಗುಣ ಮತ್ತು ದೋಷ ಎರಡೂ ಈ ಒಂದು ಪ್ರಯೋಗದಲ್ಲಿಯೇ ಇವೆ.

ಬಳಿಕ ಲ್ಯಾಪ್‌ಟಾಪಿನಲ್ಲಿ ಇಂಪೀಡೆನ್ಸ್ ನಕ್ಷೆಯನ್ನು, ಅಂದರೆ ಒಂದೊಂದು ಆವರ್ತನದಲ್ಲಿಯೂ ಸ್ಪೀಕರ್ ವಿದ್ಯುತ್ತಿಗೆ ಎಷ್ಟು ತಡೆ ಒಡ್ಡುತ್ತದೆ ಎಂಬುದನ್ನು, ತೋರಿಸಿದರು. ಸೀಲ್ಡ್ ಪೆಟ್ಟಿಗೆಗೆ 71 ಹರ್ಟ್ಸಿನ ಬಳಿ ಒಂದೇ ಗುಡ್ಡ. ಪೋರ್ಟೆಡ್ ಪೆಟ್ಟಿಗೆಗೆ 22 ಮತ್ತು 66 ಹರ್ಟ್ಸಿನ ಆಸುಪಾಸಿನಲ್ಲಿ ಎರಡು ಗುಡ್ಡ, ನಡುವೆ 38ರಲ್ಲಿ ಒಂದು ಕಣಿವೆ. ಆ ಕಣಿವೆಯ ತಳವೇ ಪೆಟ್ಟಿಗೆಯ ಟ್ಯೂನಿಂಗ್, ಅಂದರೆ ಕೊಳವೆ ಹಾಡುವ ಆವರ್ತನ. ಈ ನಕ್ಷೆಯನ್ನು ಗಿರಾಕಿಗೆ ತೋರಿಸುವ ಅಂಗಡಿಯನ್ನು ನಾನು ಬೇರೆ ಕಂಡಿಲ್ಲ. ಕೊಳವೆ ಐದು ಸೆಂಟಿಮೀಟರ್ ಕಡಿಮೆಯಾದರೆ ಏನಾಗುತ್ತದೆ ಎಂದು ಕೇಳಿದ್ದಕ್ಕೆ, 15 ಸೆಂಟಿಮೀಟರಿನ ಕೊಳವೆಯನ್ನು ತೆಗೆದು 10 ಸೆಂಟಿಮೀಟರಿನದನ್ನು ತೂರಿಸಿ ಮತ್ತೊಮ್ಮೆ ಅಳೆದು ತೋರಿಸಿದರು. ಕಣಿವೆ 44 ಹರ್ಟ್ಸಿಗೆ ಸರಿದಿತ್ತು.

ಲೆಕ್ಕಾಚಾರ ಊಹೆಯದಲ್ಲ. ಪೋರ್ಟೆಡ್ ಪೆಟ್ಟಿಗೆ ಹಳೆಯ ಕಲ್ಪನೆ. ಅಮೆರಿಕದ ಬೆಲ್ ಪ್ರಯೋಗಾಲಯದ ಆಲ್ಬರ್ಟ್ ಥುರಾಸ್ ಅವರಿಗೆ 1932ರಲ್ಲಿಯೇ ಅದರ ಪೇಟೆಂಟ್ ಸಿಕ್ಕಿತ್ತು. ಆದರೆ ಬಹುಕಾಲ ಅದನ್ನು ಕಿವಿಯಂದಾಜಿನಲ್ಲಿಯೇ ಮಾಡುತ್ತಿದ್ದರು, ಹಾಗಾಗಿ ಗುಂಯ್‌ಗುಟ್ಟುವ ಪೆಟ್ಟಿಗೆಗಳೇ ಹೆಚ್ಚಾಗಿ ಹುಟ್ಟಿದವು. 1954ರಲ್ಲಿ ಎಡ್ಗರ್ ವಿಲ್ಚರ್ ಮತ್ತು ಹೆನ್ರಿ ಕ್ಲಾಸ್ ಅವರ ಅಕೌಸ್ಟಿಕ್ ರಿಸರ್ಚ್ ಸಂಸ್ಥೆಯ ಎಆರ್-1 ಎಂಬ ಸೀಲ್ಡ್ ಸ್ಪೀಕರ್ ಬಂದು, ಒಳಗೆ ಬಂಧಿಯಾದ ಗಾಳಿಯನ್ನೇ ಕೋನಿನ ಸ್ಪ್ರಿಂಗಾಗಿ ಬಳಸಿಕೊಂಡರೆ ಚಿಕ್ಕ ಪೆಟ್ಟಿಗೆಯಿಂದಲೂ ಅಚ್ಚುಕಟ್ಟಾದ ಬಾಸ್ ತೆಗೆಯಬಹುದೆಂದು ತೋರಿಸಿತು. 1961ರಲ್ಲಿ ಆಸ್ಟ್ರೇಲಿಯಾದ ನೆವಿಲ್ ಥೀಲ್, ಎಪ್ಪತ್ತರ ದಶಕದ ಆರಂಭದಲ್ಲಿ ರಿಚರ್ಡ್ ಸ್ಮಾಲ್ ಪೋರ್ಟೆಡ್ ಪೆಟ್ಟಿಗೆಯನ್ನೂ ಲೆಕ್ಕದ ಹಿಡಿತಕ್ಕೆ ತಂದರು. ಇಂದು ವೂಫರಿನ ಜೊತೆಗೆ ಬರುವ ಚೀಟಿಯಲ್ಲಿ ಎಫ್ಎಸ್ (ವೂಫರ್ ತಾನಾಗಿ ಅನುರಣಿಸುವ ಆವರ್ತನ), ಕ್ಯುಟಿಎಸ್ (ಆ ಅನುರಣನ ಎಷ್ಟು ತೀಕ್ಷ್ಣ ಎಂಬುದು), ವಿಎಎಸ್ (ಕೋನಿನ ತೂಗುಕಟ್ಟಿನಷ್ಟೇ ಬಿಗಿಯಾಗಿ ವರ್ತಿಸುವ ಗಾಳಿಯ ಗಾತ್ರ) ಎಂಬ ಅಂಕಿಗಳಿದ್ದರೆ ಅವು ಈ ಇಬ್ಬರ ಕೊಡುಗೆ. ಈ ವೂಫರಿಗೆ ಅವು ಕ್ರಮವಾಗಿ 38 ಹರ್ಟ್ಸ್, 0.38 ಮತ್ತು 30 ಲೀಟರ್. ಇಷ್ಟು ತಿಳಿದರೆ 12 ಲೀಟರ್ ಯಾಕೆ, 22 ಲೀಟರ್ ಯಾಕೆ ಎಂಬುದು ಕಾಗದದ ಮೇಲೆಯೇ ಇತ್ಯರ್ಥವಾಗುತ್ತದೆ.

ಕಾಗದದ ಮೇಲೆ ನೋಡಿದರೆ ಪೋರ್ಟೆಡ್ ಪೆಟ್ಟಿಗೆ ಸುಲಭವಾಗಿ ಗೆಲ್ಲುತ್ತದೆ. ಸೀಲ್ಡ್ ಪೆಟ್ಟಿಗೆ 71 ಹರ್ಟ್ಸಿನಲ್ಲಿಯೇ ಮೂರು ಡೆಸಿಬೆಲ್ ಕಳೆದುಕೊಂಡಿರುತ್ತದೆ. 40ಕ್ಕೆ ಬರುವಷ್ಟರಲ್ಲಿ ಹತ್ತು ಡೆಸಿಬೆಲ್ ಕೆಳಗೆ ಇಳಿದಿರುತ್ತದೆ. ಪೋರ್ಟೆಡ್ ಪೆಟ್ಟಿಗೆ ಅಲ್ಲಿಯವರೆಗೂ ಹೆಚ್ಚುಕಡಿಮೆ ಸಮತಟ್ಟಾಗಿ ಬರುತ್ತದೆ. ಆದರೆ ಇಳಿಯುವ ರೀತಿ ಬೇರೆ. ಸ್ವರ ಒಂದು ಸ್ಥಾಯಿ ಕೆಳಗಿಳಿದರೆ, ಅಂದರೆ ಆವರ್ತನ ಅರ್ಧವಾದರೆ, ಸೀಲ್ಡ್ ಪೆಟ್ಟಿಗೆಯ ಸದ್ದು 12 ಡೆಸಿಬೆಲ್ ಇಳಿಯುತ್ತದೆ, ಪೋರ್ಟೆಡ್ ಪೆಟ್ಟಿಗೆಯದು 24. ಒಂದು ಬಹಳ ಮೇಲಿನಿಂದ ಮೆಲ್ಲಗೆ ಇಳಿಯುತ್ತ ಬರುತ್ತದೆ, ಇನ್ನೊಂದು ಕೊನೆಯವರೆಗೂ ಬಂದು ಒಮ್ಮೆಲೇ ಧುಮುಕುತ್ತದೆ. ಸುಮಾರು 20 ಹರ್ಟ್ಸಿನಲ್ಲಿ ಎರಡೂ ಸರಿಸಮವಾಗಿ, ಅದಕ್ಕೂ ಕೆಳಗೆ ಸೀಲ್ಡ್ ಪೆಟ್ಟಿಗೆಯೇ ತುಸು ಮುಂದಿರುತ್ತದೆ. ಅಷ್ಟು ಕೆಳಗೆ ನಮ್ಮ ಸಂಗೀತದಲ್ಲಿ ಏನೂ ಇಲ್ಲವಾದ್ದರಿಂದ ಆ ಕೊನೆಯ ಗೆಲುವಿಗೆ ಬೆಲೆ ಇಲ್ಲ. ಇಳಿಜಾರಿನ ಸ್ವರೂಪಕ್ಕೆ ಮಾತ್ರ ಬೆಲೆ ಇದೆ. ಅದು ಕೋಣೆಯೊಳಗೆ ತಿಳಿಯುತ್ತದೆ.

ಕುವೆಂಪುನಗರದಲ್ಲಿರುವ ನನ್ನ ಕೇಳುವ ಕೋಣೆ ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರ: ಆರ್‌ಸಿಸಿ ಸೂರು, ಒಂಬತ್ತಿಂಚಿನ ಇಟ್ಟಿಗೆ ಗೋಡೆ, ನುಣುಪಾದ ವಿಟ್ರಿಫೈಡ್ ಟೈಲ್ಸ್ ನೆಲ. ಕಳೆದ ಮೂರು ನಾಲ್ಕು ದಶಕಗಳಲ್ಲಿ ಸರಸ್ವತಿಪುರಂನಿಂದ ವಿಜಯನಗರದವರೆಗೆ ಕಟ್ಟಿದ ಮನೆಗಳಲ್ಲಿ ಮಲಗುವ ಕೋಣೆಯೆಂದರೆ ಬಹುಪಾಲು ಇದೇ ಅಳತೆ. ಹನ್ನೆರಡು ಅಡಿಗೆ 47 ಹರ್ಟ್ಸಿನಲ್ಲಿಯೂ ಹತ್ತು ಅಡಿಗೆ 56 ಹರ್ಟ್ಸಿನಲ್ಲಿಯೂ ಕೋಣೆ ತಾನೇ ಮೊಳಗುತ್ತದೆ. ಅಗಲ ಮತ್ತು ಎತ್ತರ ಒಂದೇ ಆಗಿರುವುದರಿಂದ 56ರಲ್ಲಿ ಎರಡು ಅನುರಣನಗಳು ಒಂದರ ಮೇಲೊಂದು ಬಂದು ಕೂರುತ್ತವೆ. 47ಕ್ಕಿಂತ ಕೆಳಗೆ ಕೋಣೆಯಿಡೀ ಒಂದೇ ಒತ್ತಡದ ಪಾತ್ರೆಯಂತೆ ವರ್ತಿಸತೊಡಗಿ, ಬಾಸನ್ನು ಕ್ರಮೇಣ ಏರಿಸುತ್ತದೆ. ಗೋಡೆ, ಬಾಗಿಲು, ಕಿಟಕಿ ಎಲ್ಲವೂ ಅಲುಗದಷ್ಟು ಬಿಗಿಯಾಗಿದ್ದರೆ ಈ ಏರಿಕೆ ಸ್ಥಾಯಿಗೆ 12 ಡೆಸಿಬೆಲ್ ಆಗಬೇಕು. ಸೀಲ್ಡ್ ಪೆಟ್ಟಿಗೆಯ ಇಳಿಜಾರಿಗೆ ಅದು ಸರಿಯಾಗಿ ಎದುರುಜೋಡಿ. ನಿಜವಾದ ಕೋಣೆಯಲ್ಲಿ ಬಾಗಿಲ ಸಂದಿನಿಂದ ಒಂದಿಷ್ಟು ಸೋರಿ ಅಷ್ಟು ಸಿಗುವುದಿಲ್ಲ, ಆದರೆ ಗಣನೀಯವಾಗಿ ಸಿಗುತ್ತದೆ.

ಹೀಗಾಗಿ ನನ್ನ ಕೋಣೆಯಲ್ಲಿ ಫಲಿತಾಂಶ ತಿರುಗುಮುರುಗಾಯಿತು. 47 ಹರ್ಟ್ಸಿನಲ್ಲಿ ಸೀಲ್ಡ್ ಪೆಟ್ಟಿಗೆ ತನ್ನಷ್ಟಕ್ಕೆ ಎಂಟು ಡೆಸಿಬೆಲ್ ತಗ್ಗಿರುತ್ತದೆ, ಪೋರ್ಟೆಡ್ ಪೆಟ್ಟಿಗೆ ಒಂದು ಡೆಸಿಬೆಲ್ಲಿನಷ್ಟೂ ತಗ್ಗಿರುವುದಿಲ್ಲ. ಕೋಣೆ ಎರಡನ್ನೂ ಒಂದೇ ಪ್ರಮಾಣದಲ್ಲಿ ಎತ್ತಿದಾಗ, ಸೀಲ್ಡ್ ಪೆಟ್ಟಿಗೆಯ ತಗ್ಗು ತುಂಬಿ ಸಮನಾಯಿತು. ಪೋರ್ಟೆಡ್ ಪೆಟ್ಟಿಗೆಯ ಸಮತಟ್ಟು ಉಬ್ಬಾಗಿ ನಿಂತಿತು. ಮೈಕ್ ಇಟ್ಟು ಅಳೆದ ನಕ್ಷೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತಿತ್ತು, ಕಿವಿಗೆ ಇನ್ನೂ ಸ್ಪಷ್ಟವಾಗಿತ್ತು. ಸಿನಿಮಾ ಹಾಡುಗಳಲ್ಲಿ ಬಾಸ್ ಗಿಟಾರಿನ ಕೆಲವು ಸ್ವರಗಳು ಮಾತ್ರ ಇಡೀ ಕೋಣೆಯನ್ನು ತುಂಬಿಕೊಂಡು, ಪಕ್ಕದ ಸ್ವರಗಳು ಎಲ್ಲಿಯೋ ಅಡಗಿಕೊಳ್ಳುತ್ತಿದ್ದವು. ಸೀಲ್ಡ್ ಜೋಡಿಯಲ್ಲಿ ಅದೇ ಸಾಲು ಪೂರ್ತಿ ಹಿಂಬಾಲಿಸುವಷ್ಟು ಬಿಡಿಬಿಡಿಯಾಗಿ ಕೇಳಿತು.

ಕರ್ನಾಟಕ ಸಂಗೀತ ಕೇಳುವವರಿಗೆ ಇಲ್ಲೊಂದು ವಿಶೇಷ ಮಾತು ಹೇಳಬೇಕು. ಗಾಯಕರ ಆಧಾರ ಷಡ್ಜ ಸಿ ಶ್ರುತಿಯಲ್ಲಿದ್ದರೆ ಅದು 131 ಹರ್ಟ್ಸ್. ತಂಬೂರಿಯ ಮಂದ್ರ ಷಡ್ಜದ ತಂತಿ 65 ಹರ್ಟ್ಸ್. ಬಾಸ್ ಗಿಟಾರಿನ ಕೆಳಗಿನ ತಂತಿ 41ಕ್ಕೆ ಇಳಿಯುತ್ತದೆ, ನಮ್ಮ ಕಚೇರಿಯಲ್ಲಿ ಅಷ್ಟು ಕೆಳಗೆ ಇಳಿಯುವ ಕೆಲಸ ಯಾರಿಗೂ ಇಲ್ಲ. ಸೀಲ್ಡ್ ಜೋಡಿಯಲ್ಲಿ ಮೃದಂಗದ ಎಡಬದಿಯ ಗುಮ್ಕಿ ಹೇಗೆ ಕೇಳಿಸಿತೆಂದರೆ, ಬೆರಳು ಒತ್ತಿ ಸರಿಯುವಾಗ ಸ್ವರ ಬಾಗಿ ಮೇಲೇರುವುದು, ಅಂಗೈ ತಾಗಿದೊಡನೆ ಅದು ನಿಲ್ಲುವುದು, ಎರಡೂ ಬೇರೆಬೇರೆಯಾಗಿ ತಿಳಿಯುತ್ತಿದ್ದವು. ಪೋರ್ಟೆಡ್ ಜೋಡಿಯಲ್ಲಿ ಗುಮ್ಕಿ ಹೆಚ್ಚು ಗಂಭೀರವಾಗಿತ್ತು ನಿಜ. ಆದರೆ ಮೃದಂಗವೇ ಮುಂದಾಗಿ ನುಡಿಯುವ ತನಿ ಆವರ್ತನದ ಚುರುಕಾದ ನಡೆಗಳಲ್ಲಿ ಒಂದರ ಬಾಲ ಇನ್ನೊಂದರ ತಲೆಗೆ ತಗಲುತ್ತಿತ್ತು. ಕಚೇರಿ ಸಂಗೀತಕ್ಕಾಗಿ ಮಾತ್ರ, ಇಂಥ ಕೋಣೆಯಲ್ಲಿ, ಪೋರ್ಟಿಗೆ ದುಡ್ಡು ಕೊಡುವುದು ವ್ಯರ್ಥ ಎಂದು ನಿಸ್ಸಂಕೋಚವಾಗಿ ಹೇಳುತ್ತೇನೆ.

ಹಾಗಾದರೆ ಪೋರ್ಟೆಡ್ ಬಾಸ್ ನಿಧಾನವೇ? ಆಡಿಯೊ ಹವ್ಯಾಸಿಗಳು ಈ ಮಾತನ್ನು ಪ್ರತಿ ಚರ್ಚೆಯಲ್ಲಿಯೂ ತರುತ್ತಾರೆ. ಇದಕ್ಕೆ ಆಧಾರ ಇಲ್ಲದಿಲ್ಲ. ಲೆಕ್ಕದ ಪ್ರಕಾರ 38 ಹರ್ಟ್ಸಿನಲ್ಲಿ ಈ ಪೋರ್ಟೆಡ್ ಪೆಟ್ಟಿಗೆ ಸದ್ದನ್ನು ಸುಮಾರು 15 ಮಿಲಿಸೆಕೆಂಡ್ ತಡಮಾಡುತ್ತದೆ, ಸೀಲ್ಡ್ ಪೆಟ್ಟಿಗೆ ಸುಮಾರು 4. ಆದರೆ ಆ ಆವರ್ತನದ ಒಂದು ಅಲೆಯೇ 26 ಮಿಲಿಸೆಕೆಂಡ್ ಉದ್ದವಿರುವಾಗ, ಅರ್ಧ ಅಲೆಗಿಂತ ತುಸು ಹೆಚ್ಚಿನ ಈ ತಡವನ್ನು ಕಿವಿ ಹಿಡಿಯುತ್ತದೆಂದು ನಾನು ನಂಬುವುದಿಲ್ಲ. ಹಿಡಿಯುವುದು ಕೋಣೆಯ ಅನುರಣನವನ್ನು, ಅದು ಇದರ ಹಲವು ಪಟ್ಟು ಹೊತ್ತು ಎಳೆಯುತ್ತದೆ. ನನ್ನ ಈ ಅಭಿಪ್ರಾಯಕ್ಕೆ ಬಲ ಬಂದದ್ದು ಮಂಡ್ಯ ಜಿಲ್ಲೆಯಲ್ಲಿ.

ಪಾಂಡವಪುರದ ಕಡೆಯ ಹಳ್ಳಿಯೊಂದರಲ್ಲಿ ನನ್ನ ಸ್ನೇಹಿತರದು ಹಳೆಯ ತೊಟ್ಟಿ ಮನೆ. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಕಂಬಗಳ ಹಜಾರ, ಮೇಲೆ ನಾಡಹೆಂಚು, ಕೆಳಗೆ ರೆಡ್ ಆಕ್ಸೈಡ್ ನೆಲ. ಅಲ್ಲಿಗೆ ಎರಡೂ ಜೋಡಿಗಳನ್ನು ಕಾರಿನಲ್ಲಿ ಹಾಕಿಕೊಂಡು ಹೋಗಿ ಅದೇ ಆಂಪ್ಲಿಫೈಯರಿಗೆ ಕೂಡಿಸಿ ಕೇಳಿದೆವು. ಕುವೆಂಪುನಗರದಲ್ಲಿ ಅಷ್ಟು ಚೆನ್ನಾಗಿದ್ದ ಸೀಲ್ಡ್ ಜೋಡಿ ಇಲ್ಲಿ ಸೊರಗಿತು. ಧ್ವನಿ ಶುಭ್ರ, ಆದರೆ ಸಂಗೀತಕ್ಕೆ ತಳವೇ ಇಲ್ಲ. ಕಾರಣ ಸರಳ: ಒತ್ತಡ ಕಟ್ಟಲು ಮುಚ್ಚಿದ ಕೋಣೆಯೇ ಇಲ್ಲದಿರುವಾಗ ಕೆಳಸ್ವರಗಳು ತೊಟ್ಟಿಯಿಂದಲೂ ಹೆಂಚಿನ ಸಂದುಗಳಿಂದಲೂ ಹೊರಗೆ ಹೋಗಿಬಿಡುತ್ತವೆ, ಸೀಲ್ಡ್ ಪೆಟ್ಟಿಗೆಯ ತಗ್ಗನ್ನು ತುಂಬಿಕೊಡುವವರು ಯಾರೂ ಇರುವುದಿಲ್ಲ. ಪೋರ್ಟೆಡ್ ಜೋಡಿಯನ್ನು ಹಾಕಿದೊಡನೆ ಮನೆಯವರೆಲ್ಲ ತಿರುಗಿ ನೋಡಿದರು. ಡೊಳ್ಳಿನ ಧ್ವನಿಮುದ್ರಣವೊಂದರಲ್ಲಿ ಪ್ರತಿಯೊಂದು ಪೆಟ್ಟೂ ತೂಕವಾಗಿ ಬಿದ್ದು, ಬಿದ್ದಷ್ಟೇ ಬೇಗ ಮುಗಿಯುತ್ತಿತ್ತು. ನನ್ನ ಕೋಣೆಯಲ್ಲಿ ಕೇಳಿದ್ದ ಎಳೆತ, ಗುಂಯ್‌ಗುಡುವಿಕೆ ಯಾವುದೂ ಇಲ್ಲ. ಪೆಟ್ಟಿಗೆ ಅದೇ, ಕೊಳವೆ ಅದೇ, 15 ಮಿಲಿಸೆಕೆಂಡಿನ ತಡವೂ ಅದೇ. ಬದಲಾದದ್ದು ಸೂರು ಮತ್ತು ಗೋಡೆ. ಸ್ನೇಹಿತರು ಪೋರ್ಟೆಡ್ ಜೋಡಿಯನ್ನು ಹಿಂತಿರುಗಿಸಲು ಒಪ್ಪಲಿಲ್ಲ; ದುಡ್ಡು ಕೊಟ್ಟು ಅಲ್ಲಿಯೇ ಉಳಿಸಿಕೊಂಡರು.

ಜೋರಾಗಿ ಕೇಳುವವರ ವಿಷಯ ಪ್ರತ್ಯೇಕ. ಅದೇ ಸದ್ದನ್ನು ಒಂದು ಸ್ಥಾಯಿ ಕೆಳಗೆ ಕೊಡಬೇಕಾದರೆ ಸೀಲ್ಡ್ ಪೆಟ್ಟಿಗೆಯ ಕೋನ್ ನಾಲ್ಕು ಪಟ್ಟು ದೂರ ಚಲಿಸಬೇಕು. ಆರೂವರೆ ಇಂಚಿನ ವೂಫರಿಗೆ ಆ ತಾಕತ್ತು ಬೇಗ ಮುಗಿಯುತ್ತದೆ. ಈಕ್ವಲೈಜರಿನಲ್ಲಿ ಹತ್ತು ಡೆಸಿಬೆಲ್ ಏರಿಸಿಕೊಂಡರಾಯಿತು ಎನ್ನುವವರು, ಅದಕ್ಕೆ ಆಂಪ್ಲಿಫೈಯರಿನಿಂದ ಹತ್ತು ಪಟ್ಟು ಶಕ್ತಿ ಬೇಕೆಂಬುದನ್ನು ನೆನಪಿಡಬೇಕು. ಪೋರ್ಟೆಡ್ ಪೆಟ್ಟಿಗೆಯಲ್ಲಿ 38ರ ಆಸುಪಾಸಿನ ಕೆಲಸವನ್ನು ಕೊಳವೆಯೇ ಮಾಡುವುದರಿಂದ ಕೋನಿಗೆ ಬಿಡುವು. ಆದರೆ ಕೊಳವೆಗೂ ಮಿತಿಯಿದೆ. ಮದುವೆ ಮನೆಯ ಸದ್ದಿಗೆ ಏರಿಸಿದಾಗ ಈ ಐದು ಸೆಂಟಿಮೀಟರಿನ ಕೊಳವೆ ಬುಸ್ಸೆಂದು ಉಸಿರುಬಿಡುವುದು ಕೇಳಿಸುತ್ತದೆ. ಅಗಲದ ಕೊಳವೆ ಹಾಕಬಾರದೇಕೆ ಎಂದರೆ, ಏಳೂವರೆ ಸೆಂಟಿಮೀಟರ್ ಅಗಲ ಮಾಡಿದರೆ ಅದೇ 38 ಹರ್ಟ್ಸಿಗೆ 36 ಸೆಂಟಿಮೀಟರ್ ಉದ್ದ ಬೇಕಾಗುತ್ತದೆ. ಪೆಟ್ಟಿಗೆಯ ಆಳವೇ ಅಷ್ಟಿಲ್ಲ. ಎಲ್‌ಪಿ ರೆಕಾರ್ಡ್ ಹಾಕುವವರು ಪೋರ್ಟೆಡ್ ಜೋಡಿ ಕೊಂಡರೆ ಆಂಪ್ಲಿಫೈಯರಿನಲ್ಲಿ ತೀರ ಕೆಳಗಿನ ಆವರ್ತನಗಳನ್ನು ತಡೆಯುವ ಸಬ್‌ಸಾನಿಕ್ ಫಿಲ್ಟರ್ ಇರುವುದು ಅಗತ್ಯ. ಬಾಗಿದ ತಟ್ಟೆಯ ಏರಿಳಿತ 38ಕ್ಕಿಂತ ಬಹಳ ಕೆಳಗಿನ ಆವರ್ತನದ್ದಾದ್ದರಿಂದ, ಶೆಡ್ಡಿನಲ್ಲಿ 25 ಹರ್ಟ್ಸಿಗೆ ಕಂಡ ಬಡಿದಾಟವೇ ಮನೆಯಲ್ಲಿಯೂ ನಡೆಯುತ್ತದೆ.

ಇಡುವ ಜಾಗದ ಮಾತೂ ಇದೆ. ನಮ್ಮ ಕಡೆ ಸ್ಪೀಕರ್ ಎಂದರೆ ಷೋಕೇಸಿನೊಳಗೆ ಟಿವಿಯ ಎರಡೂ ಪಕ್ಕ ಇಡುವ ವಸ್ತು. ಕೊಳವೆ ಹಿಂಬದಿಗಿರುವ ಪೆಟ್ಟಿಗೆಯನ್ನು ಅಲ್ಲಿ ತುರುಕಿದರೆ ಕೊಳವೆಯ ಬಾಯಿಗೆ ಹಲಗೆ ಅಡ್ಡ ಬಂದು ಟ್ಯೂನಿಂಗ್ ಕೆಡುತ್ತದೆ. ಕೇಳಿಕೊಂಡರೆ ಕೊಳವೆಯನ್ನು ಮುಂಬದಿಗೆ ಕೂರಿಸಿಕೊಡುತ್ತಾರೆ. ಸೀಲ್ಡ್ ಪೆಟ್ಟಿಗೆಗೆ ಈ ತಾಪತ್ರಯವಿಲ್ಲ, ಗಾತ್ರವೂ ಸುಮಾರು ಅರ್ಧ. ಇನ್ನೊಂದು ಸಂಗತಿಯನ್ನು ವಿದೇಶಿ ವಿಮರ್ಶಕರು ಬರೆಯುವುದಿಲ್ಲ: ನಮ್ಮಲ್ಲಿ ತೆರೆದ ಕೊಳವೆಯೆಂದರೆ ಜಿರಲೆಗೂ, ಮಣ್ಣಿನ ಗೂಡು ಕಟ್ಟುವ ಕಡಜಕ್ಕೂ ಬಾಡಿಗೆಯಿಲ್ಲದ ಮನೆ. ಕಡಜದ ಮಣ್ಣು ಕೊಳವೆಯ ಒಳ ಅಗಲವನ್ನು ಕಿರಿದು ಮಾಡಿದರೆ ಟ್ಯೂನಿಂಗ್ ಇನ್ನೂ ಕೆಳಕ್ಕೆ ಸರಿದು ಬಾಸ್ ಸೊರಗುತ್ತದೆ. ಇದಕ್ಕಾಗಿ ಕಾರ್ಯಾಗಾರದವರು ಕೊಳವೆಯ ಒಳತುದಿಗೆ ಅಗಲ ಕಣ್ಣಿನ ಸ್ಟೀಲ್ ಜಾಲರಿ ಹಾಕಿರುತ್ತಾರೆ. ಜಾಲರಿ ಹೊರತುದಿಗಿದ್ದಿದ್ದರೆ ಕಡಜ ಕೊಳವೆಯೊಳಕ್ಕೇ ಬರುತ್ತಿರಲಿಲ್ಲ. ನೋಟ ಕೆಡುತ್ತದೆ ಎಂಬ ಅವರ ಸಮಜಾಯಿಷಿ ನನಗೆ ಒಪ್ಪಿಗೆಯಾಗಲಿಲ್ಲ.

ಇನ್ನುಳಿದ ಕೊರತೆಗಳು. ಕೊಳವೆಗೆ ತುರುಕುವ ಫೋಮ್ ಬಿರಡೆಯನ್ನು ಬೇರೆಯಾಗಿ ದುಡ್ಡು ಕೊಟ್ಟು ಕೊಳ್ಳಬೇಕು, ಕೇಳದವರಿಗೆ ಅದು ಇದೆಯೆಂಬುದೂ ತಿಳಿಯುವುದಿಲ್ಲ. ಇದು ಸಣ್ಣ ವಿಷಯವಲ್ಲ. 22 ಲೀಟರಿನ ಪೆಟ್ಟಿಗೆಯ ಕೊಳವೆಗೆ ದಟ್ಟ ಬಿರಡೆ ಹಾಕಿದರೆ ಅದೇ ಸೀಲ್ಡ್ ಪೆಟ್ಟಿಗೆಯಂತಾಗುತ್ತದೆ. ಚಿಕ್ಕ ಸೀಲ್ಡ್ ಪೆಟ್ಟಿಗೆಯ ಕ್ಯು, ಅಂದರೆ ಅನುರಣನದ ತೀಕ್ಷ್ಣತೆ, 0.7 ಇದ್ದರೆ ಇದರದು 0.58ರಷ್ಟು, ಅಂದರೆ ಇಳಿಜಾರು ಇನ್ನೂ ಮೆಲುವಾದದ್ದು. ನನ್ನ ಕೋಣೆಯಲ್ಲಿ ಬಿರಡೆ ಹಾಕಿ ಕೇಳಿದಾಗ ಸೀಲ್ಡ್ ಜೋಡಿಗೂ ಇದಕ್ಕೂ ವ್ಯತ್ಯಾಸ ಹೇಳಲು ಬಹಳ ಗಮನವಿಡಬೇಕಾಯಿತು. ಬಾಡಿಗೆ ಮನೆಯಲ್ಲಿದ್ದು ಎರಡು ಮೂರು ವರ್ಷಕ್ಕೊಮ್ಮೆ ಕೋಣೆ ಬದಲಾಗುವವರು, ಜಾಗ ಇದ್ದರೆ, ಪೋರ್ಟೆಡ್ ಜೋಡಿಯನ್ನೇ ಬಿರಡೆಗಳ ಸಮೇತ ಕೊಳ್ಳುವುದು ಲೇಸು. ಸ್ವಂತ ಮನೆಯ ಚಿಕ್ಕ ಕೋಣೆಯಲ್ಲಿ ನೆಲೆಯೂರಿದವರಿಗೆ ಸೀಲ್ಡ್ ಸಾಕು. ನಾನು ಇಟ್ಟುಕೊಂಡದ್ದು ಅದನ್ನೇ.

ವೆನೀರ್ ಕೆಲಸ ಸಾಧಾರಣ. ತೇಗದ ವೆನೀರಿನ ಮೂಲೆಗಳಲ್ಲಿ ಅಂಟಿನ ಗೆರೆ ಕಾಣುತ್ತದೆ, ಎರಡು ಪೆಟ್ಟಿಗೆಗಳ ಮರದ ಎಳೆಗಳು ಒಂದಕ್ಕೊಂದು ಹೊಂದುವುದಿಲ್ಲ. ಮರದ ನಾರನ್ನು ಒತ್ತಿ ಮಾಡುವ ಎಂಡಿಎಫ್ ಹಲಗೆ ಮಳೆಗಾಲದಲ್ಲಿ ಉಬ್ಬುತ್ತದೆಂದು ಪ್ಲೈವುಡ್ಡನ್ನೇ ಬಳಸುವುದು ಒಳ್ಳೆಯ ನಿರ್ಧಾರ. ಸೀಲ್ಡ್ ಪೆಟ್ಟಿಗೆಯೊಳಗೆ ಪಾಲಿಯೆಸ್ಟರ್ ನಾರನ್ನು ಹದವಾಗಿ ತುಂಬಿದ್ದಾರೆ, ಪೋರ್ಟೆಡ್ ಪೆಟ್ಟಿಗೆಯಲ್ಲಿ ಗೋಡೆಗಳಿಗೆ ಮಾತ್ರ ಅಂಟಿಸಿ ಕೊಳವೆಯ ದಾರಿಯನ್ನು ಬಿಟ್ಟಿದ್ದಾರೆ, ಎರಡೂ ಸರಿ. ಅಳೆದ ನಕ್ಷೆಯನ್ನು ಲ್ಯಾಪ್‌ಟಾಪಿನಲ್ಲಿ ತೋರಿಸುತ್ತಾರೆಯೇ ಹೊರತು ಅಚ್ಚುಹಾಕಿ ಕೊಡುವುದಿಲ್ಲ. ನಾಳೆ ವೂಫರ್ ಸುಟ್ಟು ಬೇರೆಯದನ್ನು ಹಾಕಿಸಬೇಕಾದಾಗ ಪೆಟ್ಟಿಗೆಯ ಲೀಟರು, ಕೊಳವೆಯ ಉದ್ದ, ಟ್ಯೂನಿಂಗ್ ಮೂರೂ ಬೇಕಾಗುತ್ತವೆ, ಹಾಗಾಗಿ ಬಿಲ್ಲಿನ ಹಿಂದೆ ಬರೆಸಿಕೊಳ್ಳಿ.

ಸೀಲ್ಡ್ ಜೋಡಿಗೆ 26,000 ರೂಪಾಯಿ, ಪೋರ್ಟೆಡ್ ಜೋಡಿಗೆ 29,000. ಅರ್ಧ ಹಣ ಮುಂಗಡ, ಉಳಿದದ್ದು ಕೇಳಿ ನೋಡಿದ ಮೇಲೆ. ಹೇಳಿದ ದಿನಕ್ಕೆ ಕೊಡುವುದಿಲ್ಲ. ದಸರಾ ಹತ್ತಿರ ಬಂದರೆ ಬಡಗಿಗಳೆಲ್ಲ ಬೇರೆ ಕೆಲಸಕ್ಕೆ ಹೋಗಿಬಿಡುವುದರಿಂದ ಆಗ ಆರ್ಡರ್ ಕೊಡದಿರುವುದು ಮೇಲು. ಹೋಗುವಾಗ ಕೋಣೆಯ ಉದ್ದ, ಅಗಲ, ಎತ್ತರ, ಸೂರು ಯಾವುದು, ಕಿಟಕಿ ಎಷ್ಟು ಎಂಬುದನ್ನು ಬರೆದುಕೊಂಡು ಹೋಗಿ. ಯಾವ ಪೆಟ್ಟಿಗೆ ಬೇಕು ಎಂದು ಮಾಲೀಕರು ಕೇಳುವುದು ಅದನ್ನು ನೋಡಿದ ಮೇಲೆಯೇ.